ಹಸಿರು ತಿರುಗಿದ ಫಿರೋಜಾ

ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಅನ್ನುವವರು ಅಕ್ಕನನ್ನು ನೋಡಿಲ್ಲ. ಅವಳ ಹೊಟ್ಟೆಕಿಚ್ಚಿಗೆ ಭೂತಗನ್ನಡಿಯೂ ಇತ್ತು. ಅಪ್ಪನ ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹರಳು ಕೂರಿಸುವುದು ಅವಳ ಕೆಲಸ. ತಂಗಿಗೆಂದು ಅಪ್ಪ ಮಾಡಿಸಿದ ಹೊಸ ಉಂಗುರದ ಹರಳನ್ನು ಅವಳೇ ಕೂರಿಸಿದ್ದಳು, ಕೂರಿಸುವ ಮೊದಲು ಒಂದಾದರೂ ಬಿರುಕು ಸಿಗಲಿ ಎಂದು ತಿರುಗಿಸಿ ತಿರುಗಿಸಿ ನೋಡಿದ್ದಳು. ಸಿಗಲಿಲ್ಲ. ದರಿದ್ರದ್ದು, ಮುಟ್ಟಿದರೆ ಮಾಸುವಷ್ಟು ಚೆಂದವಿತ್ತು.

ಅಕ್ಕ ತಂಗಿ ಇಬ್ಬರೂ ಡಿಸೆಂಬರಿನಲ್ಲಿ ಹುಟ್ಟಿದವರು. ಅಕ್ಕನಿಗೆ ಇಪ್ಪತ್ತು ತುಂಬಿದಾಗ ಅಪ್ಪ ಕೊಟ್ಟದ್ದು ತೀರಿಹೋದ ಅಮ್ಮನ ಫಿರೋಜಾ ಉಂಗುರ. ಒಂದು ಕಾಲಕ್ಕೆ ಆಕಾಶದ ಬಣ್ಣವಿದ್ದ ಕಲ್ಲು, ಪಾಚಿ ಕಟ್ಟಿದ ಹಾಗೆ ಹಸಿರು ತಿರುಗಿತ್ತು. ಈಗ ತಂಗಿಗೆ ಇಪ್ಪತ್ತು, ಅವಳಿಗೆ ಫಳಫಳ ಹೊಳೆಯುವ ನೇರಳೆ ನೀಲಿ ಕಲ್ಲು. ಯಾವತ್ತೂ ಹೀಗೇ, ದೊಡ್ಡವಳಿಗೆ ಹಳತು, ಚಿಕ್ಕವಳಿಗೆ ಹೊಸತು.

"ಅದೂ ಡಿಸೆಂಬರಿಂದೇ, ಇದೂ ಡಿಸೆಂಬರಿಂದೇ. ಮುಖ ಯಾಕೆ ಊದಿಸ್ಕೊಂಡಿದೀಯ?" ಎಂದ ಅಪ್ಪ, ಗಿರಾಕಿಗಳಿಗೆ ಹೇಳುವ ಕಥೆಯನ್ನೇ ಮಗಳಿಗೂ ಶುರುಮಾಡಿದ. "ಫಿರೋಜಾ ಅಂದ್ರೆ ಸಾಮಾನ್ಯ ಅಲ್ಲಮ್ಮ. ಹಿಂದೆ ಸವಾರರು ಕುದುರೆಯಿಂದ ಬೀಳಬಾರದು ಅಂತ ಕಡಿವಾಣಕ್ಕೆ ಕಟ್ತಿದ್ರು. ಹುಟ್ಟಿದ ತಿಂಗಳಿಗೊಂದು ಕಲ್ಲು ಅನ್ನೋ ಪಟ್ಟಿ ಇದೆಯಲ್ಲ, ಅದನ್ನ ನಮ್ಮಂಥ ವ್ಯಾಪಾರಿಗಳೇ ನೂರು ವರ್ಷದ ಹಿಂದೆ ಕೂತು ಗಟ್ಟಿಮಾಡಿದ್ದು. ಈ ನೇರಳೆ ಕಲ್ಲು ನೆಲದಿಂದ ಸಿಕ್ಕಿದ್ದೇ ನಾನು ಚಿಕ್ಕವನಿದ್ದಾಗ. ಆಮೇಲೆ ತಂದು ಡಿಸೆಂಬರಿಗೆ ಸೇರಿಸಿದ್ರು."

"ನಿನ್ನೆ ಬಂದದ್ದು ತಲೆ ಮೇಲೆ ಕೂತ್ಕೊಳ್ತು ಅನ್ನಿ," ಎಂದಳು ಅಕ್ಕ. ಅವಳು ಹೇಳಿದ್ದು ಕಲ್ಲಿನ ಬಗ್ಗೆ ಮಾತ್ರ ಅಲ್ಲ.

ತಂಗಿಯ ಹುಟ್ಟುಹಬ್ಬದ ಬೆಳಿಗ್ಗೆ ಅಪ್ಪ ಹೊರಗೆ ಹೋಗಿದ್ದ. ಅಕ್ಕ ಅಮ್ಮನ ಕಲ್ಲನ್ನು ಉಂಗುರದಿಂದ ಬಿಡಿಸಿ ಸಾಣೆಗೆ ಹಿಡಿದಳು. ಫಿರೋಜಾ ಎಣ್ಣೆ, ಬೆವರು ಎಲ್ಲವನ್ನೂ ಹೀರುವ ಕಲ್ಲು. ಅಮ್ಮನೋ ಉಂಗುರ ತೆಗೆದಿಟ್ಟು ಕೆಲಸ ಮಾಡಿದವಳೇ ಅಲ್ಲ. ಆದರೂ ಕಲೆ ಆಳಕ್ಕೆ ಇಳಿದಿರಲಿಲ್ಲ. ಮೇಲಿನ ಪದರ ಸವೆಯುತ್ತಿದ್ದಂತೆ ಒಳಗಿನ ನೀಲಿ ಕಂಡಿತು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಇವತ್ತು ಎಲ್ಲರ ಕಣ್ಣೂ ಯಾರ ಬೆರಳ ಮೇಲೆ ಬೀಳುತ್ತದೋ ನೋಡೋಣ! ಕಲ್ಲನ್ನು ಮತ್ತೆ ಕೂರಿಸಿದಳು, ಸಾಣೆಯನ್ನು ಚೆನ್ನಾಗಿ ತೊಳೆದು ಹಸಿರು ನೀರು ಚೆಲ್ಲಿದಳು.

ಕೈ ಒರೆಸಿಕೊಳ್ಳುವಷ್ಟರಲ್ಲಿ ತಂಗಿ ಬಂದಳು. ಹೊಸ ಉಂಗುರವನ್ನು ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕಾ, ಬೈಬೇಡ. ಇದನ್ನ ನೀನು ಇಟ್ಕೊ. ಅಮ್ಮನ ಉಂಗುರ ನಂಗೆ ಕೊಡ್ತೀಯಾ?"

"ಹೊಸದು ಬಿಟ್ಟು ಹಳೇದು ಯಾಕೆ ನಿಂಗೆ?"

"ಅಮ್ಮ ಹೋದಾಗ ನಂಗೆ ನಾಲ್ಕು ವರ್ಷ. ಮುಖ ನೆನಪಿಲ್ಲ ಕಣೆ. ತಲೆಗೆ ಎಣ್ಣೆ ಹಚ್ಚುವಾಗ ಕಣ್ಣೆದುರಿಗೆ ಆ ಹಸಿರು ಕಲ್ಲು ಬಂದು ಬಂದು ಹೋಗ್ತಿತ್ತು. ಅದೊಂದೇ ನೆನಪಿರೋದು. ನಿಂಗೆ ಅಮ್ಮನೂ ನೆನಪಿದಾಳೆ, ಉಂಗುರಾನೂ ಸಿಕ್ತು. ಎಷ್ಟು ಹೊಟ್ಟೆ ಉರಿದಿದೆ ಗೊತ್ತಾ ನಂಗೆ?"

ಅಕ್ಕ ಮುಷ್ಟಿ ಬಿಡಿಸಿ ಉಂಗುರ ಮುಂದೆ ಹಿಡಿದಳು.

ತಂಗಿ ಬಗ್ಗಿ ನೋಡಿ ನಕ್ಕಳು.

"ಚೆನ್ನಾಗಿದೆ. ಆದ್ರೆ ಇದಲ್ಲ ಅಕ್ಕಾ, ನಾನು ಕೇಳಿದ್ದು ಅಮ್ಮಂದು."