ಹಬ್ಬಕ್ಕೆ ಹನ್ನೊಂದು ದಿನ ಮುಂಚೆ

ತೂಕದ ಯಂತ್ರದ ಕೆಂಪು ಅಂಕಿಗಳು ಓಲಾಡಿ ನಿಂತವು. ಐವತ್ತು ಕಿಲೋ, ನೂರಾ ಎಂಬತ್ತು ಗ್ರಾಂ. ಆಶಾರಾಣಿ ಉಸಿರು ಬಿಟ್ಟು ನೋಡಿದಳು, ಹಿಡಿದು ನೋಡಿದಳು. ಅಂಕಿ ಕದಲಲಿಲ್ಲ.

ಎಂಟೂವರೆಗೆ ಬಾಗಿಲು ಹಾಕುತ್ತೇವೆ ಎಂದು ಹೇಳಿ ಅಧಿಕಾರಿಣಿ ಮುಂದಿನ ಹುಡುಗಿಯನ್ನು ಕರೆದರು. ರಾಜ್ಯದ ಬಾಕ್ಸಿಂಗ್ ತಂಡದ ಆಯ್ಕೆ. ಅವಳ ತೂಕದ ವರ್ಗದಲ್ಲಿ ಐವತ್ತು ಕಿಲೋ ದಾಟಿದವರು ಕಣಕ್ಕೇ ಇಳಿಯುವಂತಿಲ್ಲ. ಇನ್ನು ಮೂವತ್ತೈದು ನಿಮಿಷ.

ಹೊರಗೆ ಕೋಚ್ ಕೊಟ್ಟೂರೇಶ್ ಅವಳ ಮುಖ ನೋಡಲಿಲ್ಲ, ಸೊಂಟ ಮುಟ್ಟುತ್ತಿದ್ದ ಜಡೆ ನೋಡಿದರು. ಎರಡು ವರ್ಷದ ಹಿಂದೆ ಅಜ್ಜಿ ಶಾಂತಕುಮಾರಿ ಎದೆನೋವಿನಿಂದ ಆಸ್ಪತ್ರೆ ಸೇರಿದಾಗ, ಹರಿಹರದ ಚರ್ಚಿನ ಆರೋಗ್ಯಮಾತೆಗೆ ಮುಡಿ ಬೆಳೆಸಿ ಹಬ್ಬಕ್ಕೆ ಕೊಡುತ್ತೇನೆಂದು ಆಶಾ ಹರಕೆ ಹೊತ್ತಿದ್ದಳು. ಅಂದಿನಿಂದ ಕತ್ತರಿ ತಾಕಿಸಿರಲಿಲ್ಲ. ಮಾತೆಯ ಹಬ್ಬಕ್ಕೆ ಇನ್ನೂ ಹನ್ನೊಂದು ದಿನವಿತ್ತು.

"ಸುಮಾರು ನೂರೈವತ್ತು ಗ್ರಾಂ ಐತೆ ಅದು," ಎಂದರು ಕೊಟ್ಟೂರೇಶ್.

"ಅದು ನಂದಲ್ಲ ಸರ್. ಮಾತೇದು."

ಅವರು ವಾದಿಸಲಿಲ್ಲ. ದಿನದ ಅಭ್ಯಾಸದಲ್ಲಿ ಉಳಿದವರು ಅವರು ಸೀಟಿ ಊದುವುದಕ್ಕೆ ಕಾಯುತ್ತಿದ್ದರೆ ಇವಳು ಹತ್ತು 'ನಮೋ ಮರಿಯಾ' ಮುಗಿಯುವವರೆಗೆ ಹಗ್ಗ ಜಿಗಿಯುವವಳು. ಹತ್ತು ಜಪಕ್ಕೆ ಸರಿಯಾಗಿ ಮೂರು ನಿಮಿಷ, ಒಂದು ರೌಂಡು. ನಸುಕಿನ ಐದಕ್ಕೆ ಅಜ್ಜಿಯ ಪಕ್ಕ ಮೊಣಕಾಲೂರಿ ಕಲಿತ ಲೆಕ್ಕ. ನೀವು ನನ್ನ ಕಣ್ಣು ತಪ್ಪಿಸ್ತೀರಿ, ಅವಳನ್ನ ನೋಡೋರು ಬ್ಯಾರೆ ಅದಾರೆ ಎಂದು ಅವರು ಮಿಕ್ಕ ಹುಡುಗಿಯರನ್ನು ಛೇಡಿಸುವುದಿತ್ತು.

ಬೆವರಿಳಿಸಲು ರೇನ್‌ಕೋಟು ತೊಟ್ಟು ಆಶಾ ಜಿಗಿಯತೊಡಗಿದಳು. ಜೊತೆಗೆ ಬಂದಿದ್ದ ಅಜ್ಜಿ ಮೆಟ್ಟಿಲ ಮೇಲೆ ಜಪಸರ ಹಿಡಿದು ಕೂತಳು. ನಿನ್ನೆ ಮಧ್ಯಾಹ್ನದಿಂದ ಆಶಾ ಹನಿ ನೀರು ಕುಡಿದಿರಲಿಲ್ಲ. ನಾಲಗೆ ಅಂಗುಳಕ್ಕೆ ಅಂಟಿತ್ತು, ಬೆವರು ಬರಲೊಲ್ಲದು. ಏಳನೆಯದೋ ಎಂಟನೆಯದೋ? ಮೊದಲ ಬಾರಿಗೆ ಎಣಿಕೆ ತಪ್ಪಿತು. ಹಗ್ಗ ಕಾಲಿಗೆ ತೊಡರಿತು. ಮತ್ತೆ ಒಂದರಿಂದ.

ಎಂಟು ಇಪ್ಪತ್ತಕ್ಕೆ ಮತ್ತೆ ಯಂತ್ರದ ಮೇಲೆ ನಿಂತಾಗ ಇನ್ನೂ ಐವತ್ತು ಗ್ರಾಂ ಹೆಚ್ಚಿತ್ತು.

"ಕತ್ತರಿ ಐತೇನ್ರಿ ಸರ್?" ಅಜ್ಜಿ ಎದ್ದಳು.

"ಬ್ಯಾಡ ಅಜ್ಜಿ. ಹಬ್ಬಕ್ಕೆ ಅಂತ ಮಾತು ಕೊಟ್ಟೀನಿ."

"ತಾಯಿ ಏನು ಕ್ಯಾಲೆಂಡರ್ ಹಿಡ್ಕೊಂಡು ಕೂತಾಳಾ? ಮುಂಚೇನೇ ಬಂತು ಅಂತ ಬೈಯಲ್ಲ ಬಿಡು." ಅಜ್ಜಿ ದನಿ ತಗ್ಗಿಸಿದಳು. "ಸೋಲೋದಾದ್ರೆ ಒಳಗೆ ಹೋಗಿ ಸೋಲು. ಬಾಗ್ಲಾಗೆ ನಿಂತು ಸೋಲಬ್ಯಾಡ."

ಆಶಾ ಜಡೆಯನ್ನು ಬೆನ್ನ ಮೇಲಕ್ಕೆ ಸರಿಸಿದಳು. ಆಮೇಲೆ ಸಿಮೆಂಟು ನೆಲದ ಮೇಲೆ ಮೊಣಕಾಲೂರಿದಳು. ಅಜ್ಜಿ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಬರೆದಳು. ಕೊಟ್ಟೂರೇಶ್ ಬ್ಯಾಂಡೇಜಿನ ಡಬ್ಬಿಯಿಂದ ಕತ್ತರಿ ತೆಗೆದವರು, ಏನೋ ನೆನಪಾದಂತೆ ಶೂ ಕಳಚಿ ಬದಿಗಿಟ್ಟರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಕತ್ತರಿ ಹಚ್ಚಲೇನ್ರಿ ಅಜ್ಜಿ?"

"ಹಚ್ರಿ."

ಮೊಂಡು ಕತ್ತರಿ, ಎಳೆ ಎಳೆಯಾಗಿ ಕಡಿಯಿತು.

ನಲವತ್ತೊಂಬತ್ತು ಕಿಲೋ, ಒಂಬೈನೂರಾ ಮೂವತ್ತು ಗ್ರಾಂ. ಅಧಿಕಾರಿಣಿ ಬರೆದುಕೊಂಡರು. ಕೊಟ್ಟೂರೇಶ್ ನೀರಿನ ಬಾಟಲಿ ಚಾಚಿದರು. ತುಟಿಗಿಟ್ಟವಳು ಹಾಗೇ ನಿಂತಳು: ನಿನ್ನೆ ತಾನು ಉಣ್ಣದೆ, ಕುಡಿಯದೆ ತಟ್ಟೆ ಮುಚ್ಚಿಟ್ಟಾಗ ಅಜ್ಜಿಯೂ ತನ್ನ ತಟ್ಟೆ ಮುಚ್ಚಿಟ್ಟಿದ್ದಳು.

ಮೆಟ್ಟಿಲ ಮೇಲೆ ಅಜ್ಜಿ ಇರಲಿಲ್ಲ. ಆಶಾ ರಸ್ತೆಗೆ ಓಡಿದಳು. ಹರಿಹರದ ಬಸ್ಸಿನ ಕಿಟಕಿಯ ಪಕ್ಕ ಅಜ್ಜಿ ಕೂತಿದ್ದಳು, ಮಡಿಲಲ್ಲಿ ಸೆರಗು ಹೊದಿಸಿದ ಜಡೆಯ ಗಂಟು. ಆಶಾ ಸರಳುಗಳ ನಡುವೆ ಬಾಟಲಿ ತೂರಿಸಿದಳು. ಅಜ್ಜಿ ಒಂದೇ ಗುಟುಕು ಕುಡಿದಳು. ಬೆರಳು ಒದ್ದೆ ಮಾಡಿಕೊಂಡು, ಕೈ ಹೊರಗೆ ಚಾಚಿ, ಮೊಮ್ಮಗಳ ಕುತ್ತಿಗೆಗೆ ಅಂಟಿದ್ದ ಕೂದಲ ಚೂರುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಕಂಡಕ್ಟರು ಸೀಟಿ ಊದಿದ.