ದೀಪದವಳು ಬಾಗಿಲಮ್ಮನಾದದ್ದು

"ಆ ಮೂಗು ನೀವು ಒಡೀತೀರೋ, ಇಲ್ಲ ನಾನೇ ಒಡೀಲೋ?"

ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಮೂಗು ನನ್ನದು. ಕೂಗಿದವಳು ಸಾವಂತ್ರಮ್ಮ, ನನ್ನನ್ನು ಕಡೆದ ಕಾಳಾಚಾರಿಯ ಹೆಂಡತಿ. ಗಂಡನಿಗೆ ಬುತ್ತಿ ತಂದವಳು ಚಪ್ಪರದೊಳಗೆ ನನ್ನನ್ನು ಕಂಡು, ಬುತ್ತಿಯನ್ನು ನೆಲಕ್ಕೆ ಕುಕ್ಕಿ ಸುತ್ತಿಗೆ ಎತ್ತಿಕೊಂಡಿದ್ದಳು. ಸಿಟ್ಟಿಗೆ ಕಾರಣವಿತ್ತು. ನನ್ನ ಮುಖ ಅವಳದೇ ಮುಖ.

ನಾನೊಂದು ಕಲ್ಲಿನ ಹೆಣ್ಣು. ಬಳಪದ ಕಲ್ಲು, ಕೈಯಲ್ಲೊಂದು ದೀಪ. ಪೇಟೆಗೆ ಪುರಭವನ ಕಟ್ಟುತ್ತಿದ್ದ ಕಾಲ ಅದು. ಬಾಗಿಲಿನ ಎಡಬಲಕ್ಕೆ ದೀಪದ ಹೆಂಗಸರು, ಮೇಲಿನ ಸಾಲಿಗೆ ಗಿಳಿಗಳು, ಮೂಲೆಗೊಂದು ಆನೆ ಎಂದು ತೀರ್ಮಾನವಾಗಿತ್ತು. ನಕ್ಷೆಯಲ್ಲಿ ಹೆಂಗಸಿನ ಮುಖವಿರಬೇಕಾದ ಕಡೆ ಒಂದು ಸೊನ್ನೆ ಎಳೆದು ಕೊಟ್ಟಿದ್ದರು. ಕಾಳಾಚಾರಿ ಅದುವರೆಗೆ ದೇವರನ್ನು ಮಾತ್ರ ಕಡೆದವನು. ದೇವರ ಮುಖಕ್ಕೆ ಅಳತೆ ಇದೆ, ಮನುಷ್ಯರ ಮುಖಕ್ಕೆ ಎಲ್ಲಿದೆ? ದಿನಾ ಎದುರು ಕೂತು ಮುದ್ದೆ ಬಡಿಸುವ ಮುಖವೊಂದೇ ಅವನಿಗೆ ಬಾಯಿಪಾಠವಾಗಿದ್ದದ್ದು.

"ದಾರೀಲಿ ಹೋಗೋ ಗಂಡಸರೆಲ್ಲ ನನ್ನ ನೋಡ್ಕೊಂಡು ನಿಲ್ಲಲಿ ಅಂತನಾ?"

"ಒಡಿ. ಮುಕ್ಕಾದ ಕಲ್ಲನ್ನ ಬಾಗಿಲಿಗೆ ಏರಿಸಲ್ಲ. ಎತ್ಕೊಂಡು ಬಂದು ನಮ್ಮ ಮನೆ ಮುಂದೇನೇ ನಿಲ್ಲಿಸ್ತೀನಿ. ದಿನಾ ಮೂಗಿಲ್ಲದ ನಿನ್ನನ್ನೇ ನೋಡ್ಕೊಂಡಿರು."

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. ಸುತ್ತಿಗೆ ಎಸೆದು ಹೋದಳು. ಆಮೇಲೆ ಎಷ್ಟೋ ದಿನ ಆಚಾರಿ ಕಡಲೆಪುರಿ ತಿಂದೇ ಕೆಲಸ ಮಾಡಿದ.

ಅವನು ನನ್ನ ಕಣ್ಣಿಗೆ ಗುಡ್ಡೆ ಕೊರೆಯಲಿಲ್ಲ. ಅವರ ಮನೆತನದಲ್ಲಿ ದೇವರಿಗೆ ಮಾತ್ರ ಕಣ್ಣು ಬಿಡಿಸುತ್ತಿದ್ದರು, ಅದೂ ಕೊನೆಯ ದಿನ, ಮಡಿಯುಟ್ಟು. ಕಣ್ಣು ಬಿಟ್ಟ ಕಲ್ಲು ಪೂಜೆ ಕೇಳುತ್ತದೆ, ಬಾಗಿಲಲ್ಲಿ ನಿಲ್ಲುವವಳಿಗೆ ಅದೆಲ್ಲ ಬೇಡ ಎಂದ. ಗುಡ್ಡೆ ಇಲ್ಲದಿದ್ದರೂ ನನಗೆ ಎಲ್ಲ ಕಾಣುತ್ತದೆ. ಹೇಗೆ ಎಂದು ಕೇಳಬೇಡಿ.

ಹೀಗೆ ಎಡಗಡೆಗೆ ನಿಂತೆ. ಬಲಗಡೆಯವಳು ಬೇರೆ ಯಾರದೋ ಕೈಕೆಲಸ, ಮುಖ ಊಟದ ತಟ್ಟೆಯ ಹಾಗಿದೆ. ಆ ವರ್ಷಗಳು ಈಗಲೂ ಕಣ್ಣ ಮುಂದಿವೆ. ನಾಟಕವಾದರೂ ನನ್ನ ಮುಂದೆಯೇ, ಮದುವೆಯಾದರೂ ನನ್ನ ಮುಂದೆಯೇ. ನನ್ನ ದೀಪಕ್ಕೆ ಛತ್ರಿ ನೇತುಹಾಕಿದವರೆಷ್ಟು, ಎಲೆ ಅಡಿಕೆ ಹಾಕಿಕೊಂಡು ಸುಣ್ಣದ ಬೆರಳನ್ನು ನನ್ನ ಸೆರಗಿಗೆ ಒರೆಸಿದವರೆಷ್ಟು. ಬೈದುಕೊಳ್ಳುತ್ತಿದ್ದೆ. ಈಗ ಹಾಗೆ ಯಾರಾದರೂ ಒರೆಸಿದರೆ ಸಾಕು ಅನ್ನಿಸುತ್ತದೆ. ಆಚಾರಿ ಆ ಕಡೆ ಬಂದಾಗ ಹೆಗಲ ಟವಲಿನಿಂದ ನನ್ನ ಪಾದದ ಧೂಳು ಝಾಡಿಸಿ ಹೋಗುತ್ತಿದ್ದ. ಸಾವಂತ್ರಮ್ಮ ಮಾತ್ರ ನನ್ನ ಮುಂದೆ ಹಾಯುತ್ತಿರಲಿಲ್ಲ. ಸಂತೆಗೆ ಹಿಂದಿನ ಓಣಿಯಿಂದಲೇ ಹೋಗುತ್ತಿದ್ದಳು.

ಆಚಾರಿ ತೀರಿಕೊಂಡ. ಆಮೇಲೆ ಒಂದು ಮಧ್ಯಾಹ್ನ ಅವಳು ಬಂದಳು.

ಬಂದು ಮೆಟ್ಟಿಲ ಮೇಲೆ ಕೂತಳು. ಬಹಳ ಹೊತ್ತಾದ ಮೇಲೆ ನನ್ನ ಪಾದದ ಮೇಲೆ ಕೈಯಿಟ್ಟಳು. ಪಾದದ ಬೆರಳ ಸಂದಿಯಲ್ಲಿ ಅವನ ಉಳಿಯ ಗೀರುಗಳು ಹಾಗೇ ಇವೆ. ಅವನ್ನು ಒಂದೊಂದಾಗಿ ತಡವಿದಳು. ಅವನು ಕಡೆದ ದೇವರುಗಳೆಲ್ಲ ಗರ್ಭಗುಡಿಗಳಲ್ಲಿದ್ದವು. ಅವನ್ನು ಅರ್ಚಕರಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಅವನ ಕೈಕೆಲಸದಲ್ಲಿ ಅವಳ ಕೈಗೆ ಸಿಗುತ್ತಿದ್ದದ್ದು ನಾನೊಬ್ಬಳೇ. ಅಂದಿನಿಂದ ವಾರಕ್ಕೊಮ್ಮೆ ಬರುತ್ತಿದ್ದಳು. ಸೊಸೆ ಹುಳಿಗೆ ಉಪ್ಪು ಜಾಸ್ತಿ ಹಾಕಿದ್ದು, ಎಮ್ಮೆ ಗಬ್ಬವಾದದ್ದು, ಎಲ್ಲ ಹೇಳುತ್ತಿದ್ದಳು. ನನಗೋ ಅವನಿಗೋ ಗೊತ್ತಿಲ್ಲ. ನನ್ನ ಬಾಳಿನ ಒಳ್ಳೆಯ ಕಾಲ ಅದೇ.

ಕಟ್ಟಡಕ್ಕೆ ಐವತ್ತು ತುಂಬಿತೆಂದು ಬಣ್ಣ ಹೊಡೆಸಿದರು. ಕಲ್ಲಿಗೆ ಬಣ್ಣ ಹೊಡೆಸುವ ಬುದ್ಧಿ ಯಾರಿಗೆ ಬಂತೋ, ಅವರ ಮುಖಕ್ಕೂ ಒಂದು ಡಬ್ಬಿ ಸುರಿಯಬೇಕಿತ್ತು. ಮೈಗೆ ಗುಲಾಬಿ, ಸೀರೆಗೆ ಹಸಿರು. ಕಣ್ಣಿಲ್ಲದ ಬೊಂಬೆ ಬಿಟ್ಟರೆ ಅರೆಕೆಲಸ ಎಂದಾರು ಎಂದು ಪೇಂಟರು ಬಿಳಿ ಬಳಿದು, ನಡುವೆ ಕಪ್ಪು ಗುಡ್ಡೆ ಇಟ್ಟ. ಬಲಗಡೆಯವಳಿಗೂ ಇಟ್ಟ. ಆದರೆ ಜನ ನನ್ನ ಮುಖವನ್ನೇ ನೋಡಿದರು.

ಮುಂದಿನ ಶುಕ್ರವಾರ ಯಾರೋ ಕುಂಕುಮ ಹಚ್ಚಿದರು. ಇನ್ನೊಬ್ಬರು ಎಣ್ಣೆ ಸುರಿದರು. ಎದುರಿಗೆ ಹೂವು ಮಾರುವ ಪುಟ್ಟತಾಯಮ್ಮ ಸ್ಟೂಲು ಹತ್ತಿ ಹಣೆಗೆ ಅರಿಶಿನ ಮೆತ್ತಿ, ನನಗೆ ಬಾಗಿಲಮ್ಮ ಎಂದು ಹೆಸರಿಟ್ಟಳು. ನಾನು ಯಾರಿಗೂ ಏನೂ ಕೊಟ್ಟಿಲ್ಲ. ಆದರೂ ಸಾಲು ಬೆಳೆಯಿತು.

ಕಾಲುನೋವಿನಿಂದ ಕೆಲವು ತಿಂಗಳು ಮನೆ ಹಿಡಿದಿದ್ದ ಸಾವಂತ್ರಮ್ಮ ಒಂದು ಶುಕ್ರವಾರ ಬಂದಳು. ಸಾಲನ್ನು ಗಮನಿಸದೆ ನೇರ ಬಂದು, ಅಭ್ಯಾಸದಂತೆ ನನ್ನ ಪಾದದ ಮೇಲೆ ಕೈಯಿಟ್ಟಳು.

"ಅಜ್ಜಿ, ಕೈ ತೆಗೀರಿ. ಬರಿ ಹಣೇಲಿ ಅಮ್ಮನ್ನ ಮುಟ್ಟಬಾರದು," ಎಂದಳು ಪುಟ್ಟತಾಯಮ್ಮ.

"ಯಾವ ಅಮ್ಮ? ಇದನ್ನ ಕಡೆದೋರು ನಮ್ಮ ಯಜಮಾನರು ಕಣಮ್ಮ."

ಪುಟ್ಟತಾಯಮ್ಮ ನಕ್ಕಳು. ಕೊಂಕಿನ ನಗುವಲ್ಲ, ನಂಬಿದವಳ ನಗು. "ಇವರನ್ನ ಯಾರೂ ಕಡೆದಿಲ್ಲ ಅಜ್ಜಿ. ತಾನಾಗೇ ಎದ್ದು ಬಂದೋರು."

ನನಗೆ ಬಾಯಿದ್ದಿದ್ದರೆ ಆ ಹೂವಿನ ಬುಟ್ಟಿ ರಸ್ತೆಗೆ ಬೀಳುವ ಹಾಗೆ ಕೂಗುತ್ತಿದ್ದೆ. ಸಾಲಿನಲ್ಲಿದ್ದವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಯಾರಿಗೂ ಏನೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಾನು ಇಪ್ಪತ್ತರಲ್ಲೇ ನಿಂತಿದ್ದೆ, ಅವಳು ಮುದುಕಿಯಾಗಿದ್ದಳು.

ಅವಳು ತಲೆಯೆತ್ತಿ ಆ ಕಪ್ಪು ಗುಡ್ಡೆಗಳನ್ನು ನೋಡಿದಳು. ಕೈ ತೆಗೆದಾಗ ಅಂಗೈಗೆ ಕುಂಕುಮ ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳದೆ ಮುಷ್ಟಿ ಕಟ್ಟಿದಳು. ಇನ್ನೊಂದು ಕೈಯಿಂದ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮತ್ತೆ ಬರಲಿಲ್ಲ.