ಏಳನೇ ತಿರುವಿನವರೆಗೆ ಬ್ರೇಕ್ ಮುಟ್ಟದವರು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸೈಕಲ್ ರಿಪೇರಿ ಅಂಗಡಿಯ ಮುಂದಿನ ಎರಡು ಬೆಂಚುಗಳ ಮೇಲೆ ಹನ್ನೆರಡು ಜನ ಕೂರುತ್ತಿದ್ದರು. ಎಲ್ಲರ ಮೈಮೇಲೂ ಒಂದೇ ಬಣ್ಣದ ಬಿಗಿ ಬನಿಯನ್ನು. ನಲವತ್ತು ದಾಟಿದ ಹೊಟ್ಟೆಗಳ ಮೇಲೆ ಸೈಕಲ್ ಸಂಘದ ಲಾಂಛನ ಅಡ್ಡಕ್ಕೆ ಹಿಗ್ಗಿ, ಅದರ ಮೇಲಿದ್ದ ಹದ್ದು ಬಾತುಕೋಳಿಯಂತೆ ಕಾಣುತ್ತಿತ್ತು. ಸವಾರಿ ಮುಗಿಸಿ ಬಂದವರು ಚಹಾ ಕುಡಿಯುತ್ತ, ಆ ವಾರ ಯಾರು ಎಲ್ಲಿಗೆ ಹೋಗಿದ್ದರೆಂದು ಒಬ್ಬೊಬ್ಬರಾಗಿ ವರದಿ ಒಪ್ಪಿಸಬೇಕು. ಹೇಳುವವನನ್ನು ನಡುವೆ ಯಾರೂ ಪ್ರಶ್ನೆ ಕೇಳಬಾರದು, ಮುಗಿದ ಮೇಲೂ ಕೇಳಬಾರದು. ಅದು ಸಂಘದ ನಿಯಮ. ಮಾಡಿದವರು ಅಧ್ಯಕ್ಷರು, ಅಂದರೆ ಟೈಲ್ಸ್ ವ್ಯಾಪಾರಿ. ಪ್ರಶ್ನೆ ಕೇಳಿದರೆ ಉತ್ಸಾಹ ಕುಗ್ಗುತ್ತದೆ ಎಂಬುದು ಅವರ ವಾದ.

ಅಂಗಡಿ ನಡೆಸುವ ಹೆಂಗಸನ್ನು ಅವರೆಲ್ಲ ಮೇಸ್ತ್ರಮ್ಮ ಎನ್ನುತ್ತಿದ್ದರು. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದಲೇ ಕಲಿತ ಕೆಲಸ. ಬೆಂಚಿನಿಂದ ಆರಡಿ ದೂರದಲ್ಲಿ, ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲಿನ ಹಿಂದೆ ಕುಳಿತು ಅವಳು ಈ ವರದಿಗಳನ್ನು ಆರು ವರ್ಷದಿಂದ ಕೇಳಿಸಿಕೊಂಡಿದ್ದಳು. ನಿಯಮ ಅವಳ ಬಾಯಿಗೂ ಬೀಗ ಹಾಕಿತ್ತು. ಆದರೆ ಕೈಗೆ ಹಾಕಿರಲಿಲ್ಲ. ಸೋಮವಾರ ಆ ಸೈಕಲ್ಲುಗಳೆಲ್ಲ ಅವಳ ಕೈಗೇ ಬರುತ್ತಿದ್ದವು. ಎಂಬತ್ತು ಕಿಲೋಮೀಟರ್ ಹೊಡೆದೆ ಎಂದವನ ಚೈನಿನಲ್ಲಿ ಶನಿವಾರ ಅವಳೇ ಬಿಟ್ಟ ಎಣ್ಣೆ ಹಾಗೇ ಹೊಳೆಯುತ್ತಿರುತ್ತಿತ್ತು. ಮಣ್ಣಿನ ರಸ್ತೆಯಲ್ಲಿ ಹೋಗಿ ಬಂದೆ ಎಂದವನ ಟೈರಿನ ಮೇಲೆ ಹೊಸ ರಬ್ಬರಿನ ಕೂದಲೆಳೆಗಳು ಕೂಡ ಉದುರಿರುತ್ತಿರಲಿಲ್ಲ. ದಾರಿಯನ್ನು ದಾಖಲಿಸುವ ಫೋನುಗಳು ಎಲ್ಲರ ಬಳಿಯೂ ಇದ್ದವು. ಆದರೆ ಅವಕ್ಕೆ ಎತ್ತರದ ಭಯವೋ ಏನೋ, ಏರು ಶುರುವಾದ ಕೂಡಲೇ ಎಲ್ಲರ ಬ್ಯಾಟರಿಯೂ ಒಟ್ಟಿಗೇ ಸಾಯುತ್ತಿತ್ತು.

ಅವಳಿಗೆ ಇದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೆ ಎಂಟು ತಿಂಗಳ ಹಿಂದೆ ಅವಳ ಗಂಡನೇ ಹೋಗಿ ಆ ಬೆಂಚಿನ ತುದಿಯಲ್ಲಿ ಕೂತ.

ಗಂಡ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ನಲವತ್ತನಾಲ್ಕು ವರ್ಷ ಯಾವ ಆಟವನ್ನೂ ಆಡದೆ ಬದುಕಿದ್ದವನು ಇದ್ದಕ್ಕಿದ್ದಂತೆ ಬಿಗಿ ಬನಿಯನ್ನು ಹೊಲಿಸಿಕೊಂಡಿದ್ದ. ಬೆಂಚಿನ ಮೇಲೆ ಯಾರು ಏನು ಹೇಳಿದರೂ ಅವನು ಬಾಯಿ ತೆರೆದು ಕೇಳುತ್ತಿದ್ದ. ಇಂಥವನ ಕಿವಿಗೆ ಹೂ ಇಡುವುದಕ್ಕೆ ಬುಟ್ಟಿಗಟ್ಟಲೆ ಹೂ ತಂದಿದ್ದವರು ಅಲ್ಲಿ ಹನ್ನೊಂದು ಜನ ಇದ್ದರು.

ಅವರಲ್ಲಿ ಎಲ್ಲರಿಗಿಂತ ದೊಡ್ಡ ಬುಟ್ಟಿ ದಂತವೈದ್ಯನದು. ಆ ಭಾನುವಾರ ಅವನು ಬೆಟ್ಟದ ವರದಿ ಹೇಳಿದ. ಬುಧವಾರ ಕ್ಲಿನಿಕ್ಕಿಗೆ ರಜೆ. ಒಬ್ಬನೇ ಹೋಗಿ ಊರ ಕಡೆಯ ಮಗ್ಗುಲಿನಿಂದ ಬೆಟ್ಟ ಹತ್ತಿದನಂತೆ. ಹತ್ತಿದ್ದನ್ನು ಅವನು ಒಂದೇ ವಾಕ್ಯದಲ್ಲಿ ಮುಗಿಸಿದ. ಆಚೆ ಮಗ್ಗುಲಿಗೆ ಇಳಿದದ್ದಕ್ಕೆ ಮಾತ್ರ ಇಪ್ಪತ್ತು ನಿಮಿಷ ಬೇಕಾಯಿತು. ಹನ್ನೊಂದು ಕಿಲೋಮೀಟರ್ ಇಳಿಜಾರು, ಹದಿನಾಲ್ಕು ತಿರುವು. ಏಳನೇ ತಿರುವಿನವರೆಗೆ ಬ್ರೇಕ್ ಮುಟ್ಟಲೇ ಇಲ್ಲವಂತೆ. ಮೈಯನ್ನು ಒಳಮಗ್ಗುಲಿಗೆ ವಾಲಿಸಿ, ಹೊರಗಾಲನ್ನು ಒತ್ತಿ ಹಿಡಿದರೆ ಸಾಕು, ಸೈಕಲ್ಲು ತಾನೇ ದಾರಿ ಹುಡುಕಿಕೊಳ್ಳುತ್ತದಂತೆ. ಹೇಳುವಾಗ ಎರಡು ಕೈಗಳನ್ನೂ ಮುಂದೆ ಚಾಚಿ ಬೆಂಚಿನ ಮೇಲೆ ವಾಲಿದ ರಭಸಕ್ಕೆ ಪಕ್ಕದಲ್ಲಿದ್ದ ವಿಮಾ ಏಜೆಂಟನ ಚಹಾ ತೊಡೆಯ ಮೇಲೆ ಚೆಲ್ಲಿತು.

ಚಪ್ಪಾಳೆ ಬಿತ್ತು. ಮುಂದಿನ ಭಾನುವಾರ ಇಡೀ ಸಂಘ ಅದೇ ದಾರಿಯಲ್ಲಿ ಹೋಗುವುದು, ಇಳಿಯುವಾಗ ದಂತವೈದ್ಯನೇ ಮುಂದಾಳು ಎಂದು ಅಧ್ಯಕ್ಷರು ಘೋಷಿಸಿದರು. ದಂತವೈದ್ಯ ಬೆಂಚಿನ ತುದಿಯತ್ತ ಬೆರಳು ತೋರಿಸಿ, ಮೇಷ್ಟ್ರು ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರಲಿ, ನಾನು ಹೋದಂತೆ ಹೋದರೆ ಸಾಕು ಎಂದ. ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತು. ಈ ಎಂಟು ತಿಂಗಳಲ್ಲಿ ಅವನ ಹೆಸರು ಹಿಡಿದು ಯಾರಾದರೂ ಏನಾದರೂ ಹೇಳಿದ್ದು ಅದೇ ಮೊದಲು.

ಮೇಸ್ತ್ರಮ್ಮ ಸ್ಪ್ಯಾನರ್ ಕೆಳಗಿಟ್ಟು ಗೋಡೆಗೆ ಒರಗಿಸಿದ್ದ ದಂತವೈದ್ಯನ ಸೈಕಲ್ಲಿನತ್ತ ನೋಡಿದಳು. ಅದಕ್ಕೆ ಹೊಸ ಬ್ರೇಕ್ ರಬ್ಬರ್ ಹಾಕಿದ್ದು ಅವಳೇ, ಮಂಗಳವಾರ. ಐದು ದಿನವಾಗಿದ್ದರೂ ಅಚ್ಚಿನಿಂದ ಬಂದ ಗೆರೆ ರಬ್ಬರಿನ ಮೇಲೆ ಹಾಗೇ ಇತ್ತು. ಮೊದಲ ಏಳು ತಿರುವಿನಲ್ಲಿ ಬ್ರೇಕ್ ಮುಟ್ಟಿಲ್ಲವೆಂದೇ ಇಟ್ಟುಕೊಂಡರೂ ಇನ್ನೂ ಏಳು ಉಳಿಯುತ್ತವೆ. ಆ ಇಳಿಜಾರಿನಲ್ಲಿ ಎರಡು ತಿರುವು ಇಳಿದರೆ ಸಾಕು, ಆ ಗೆರೆ ಇರುವುದಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, ದಂತವೈದ್ಯ ಬೆಟ್ಟಕ್ಕೆ ಹೋಗಿಯೇ ಇಲ್ಲ, ರೈಲು ಬಿಟ್ಟಿದ್ದಾನೆ ಎಂದು ಅವಳು ಗಂಡನಿಗೆ ಹೇಳಿದಳು. ಅವನು ಊಟ ಮುಗಿಸಿ ಎದ್ದ. ಸಂಜೆ ಡ್ರಾಯಿಂಗ್ ಶೀಟ್ ಹರಡಿಕೊಂಡು, ವರದಿಯಲ್ಲಿ ಕೇಳಿದ್ದನ್ನೆಲ್ಲ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ. ಹದಿನಾಲ್ಕು ತಿರುವು, ಒಂದೊಂದಕ್ಕೂ ಒಂದು ಅಂಕಿ, ಮೈ ವಾಲಿಸಬೇಕಾದ ಕಡೆ ನೀಲಿ ಬಾಣ. ಬ್ರೇಕ್ ಎಂಬ ಪದವನ್ನು ಮೊದಲ ಸಲ ಏಳರ ಪಕ್ಕದಲ್ಲಿ ಬರೆದ. ಚಿತ್ರ ಚೆನ್ನಾಗಿಯೇ ಇತ್ತು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಸಿಂಕಿನಲ್ಲಿ ಕೈ ತೊಳೆಯುವಾಗಲೆಲ್ಲ ನೋಡಿ ಬಾಯಿಪಾಠ ಮಾಡಲು ತೊಡಗಿದ.

ಸೋಮವಾರ ದಂತವೈದ್ಯ ಸೈಕಲ್ಲನ್ನೂ ಶೂಗಳನ್ನೂ ಅಂಗಡಿಯಲ್ಲಿ ಬಿಟ್ಟು ಹೋದ. ಶೂ ಪೆಡಲಿಗೆ ಕಚ್ಚಿಕೊಳ್ಳುತ್ತಿಲ್ಲ, ಶನಿವಾರದೊಳಗೆ ನೋಡಿಡಿ ಎಂದ. ಮೇಸ್ತ್ರಮ್ಮ ಸೈಕಲ್ಲನ್ನು ಮಗುಚಿ ನಿಲ್ಲಿಸಿದಳು. ಫ್ರೇಮಿನ ಅಡಿಯಲ್ಲಿ ಕೆಂಪು ಧೂಳು ಒಣಗಿ ಗಟ್ಟಿಯಾಗಿತ್ತು. ಸುತ್ತಮುತ್ತ ಎಲ್ಲ ಕಡೆ ಕಪ್ಪು ಮಣ್ಣು. ಕೆಂಪು ಮಣ್ಣು ಇರುವುದು ಬೆಟ್ಟದ ನೆತ್ತಿಯಲ್ಲಿ ಮಾತ್ರ. ಅಂದರೆ ಅವನು ಹೋಗಿದ್ದ, ಹತ್ತಿಯೂ ಇದ್ದ. ತಾನು ಗಂಡನಿಗೆ ಹೇಳಿದ್ದರಲ್ಲಿ ಅರ್ಧ ತಪ್ಪು ಎಂದು ಅವಳಿಗೆ ಆಗಲೇ ತಿಳಿಯಿತು. ಆಮೇಲೆ ಶೂಗಳನ್ನು ಮಗುಚಿದಳು.

ಈ ಶೂಗಳ ತಳದಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಕ್ಲೀಟ್ ಎನ್ನುತ್ತಾರೆ. ಅದು ಸೈಕಲ್ ತುಳಿಯುವುದರಿಂದ ಸವೆಯುವುದಿಲ್ಲ, ನಡೆದರೆ ಸವೆಯುತ್ತದೆ. ಆರು ವಾರದ ಹಿಂದೆ ಅವಳು ಹಾಕಿಕೊಟ್ಟಿದ್ದ ಕ್ಲೀಟುಗಳು ಬೆರಳಿನ ಕಡೆ ಕಾಗದದಷ್ಟು ತೆಳುವಾಗಿದ್ದವು. ಬೋಲ್ಟಿನ ಗುಂಡಿಗಳಲ್ಲಿ ಆಗಷ್ಟೇ ಒಡೆದ ಜಲ್ಲಿಯ ಬೂದು ಚೂರುಗಳು ಸಿಕ್ಕಿಕೊಂಡಿದ್ದವು. ಆಚೆ ಮಗ್ಗುಲಿನ ರಸ್ತೆ ಅಗಲ ಮಾಡುತ್ತಿದ್ದಾರೆಂದು ಲಾರಿಯವರು ಹೇಳಿದ್ದನ್ನು ಅವಳು ಕೇಳಿದ್ದಳು. ಅವಳು ಸ್ಕ್ರೂಡ್ರೈವರ್ ತುದಿಯಿಂದ ಒಂದು ಚೂರನ್ನು ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು.

ಈ ಮನುಷ್ಯ ನೆತ್ತಿಯಿಂದ ಕೆಳಕ್ಕೆ ನೋಡಿ ಹೆದರಿದ್ದಾನೆ. ಸೈಕಲ್ಲಿನಿಂದ ಇಳಿದು, ಅದನ್ನು ದನದ ಹಾಗೆ ಪಕ್ಕದಲ್ಲಿ ಹಿಡಿದುಕೊಂಡು, ಜಲ್ಲಿಯ ಮೇಲೆ ಜಾರುತ್ತ ಕಿಲೋಮೀಟರುಗಟ್ಟಲೆ ನಡೆದಿದ್ದಾನೆ. ಹೆದರಿದ್ದಕ್ಕೆ ಅವಳ ತಕರಾರಿರಲಿಲ್ಲ. ಬುದ್ಧಿ ಇದ್ದವರು ಅಲ್ಲಿ ಹೆದರುತ್ತಾರೆ. ಅವನು ಜಲ್ಲಿಯನ್ನು ಕಣ್ಣಾರೆ ಕಂಡಿದ್ದ, ಕಾಲಾರೆ ತುಳಿದಿದ್ದ. ಆದರೂ ಇಪ್ಪತ್ತು ನಿಮಿಷದ ವರದಿಯಲ್ಲಿ ಅದಕ್ಕೆ ಒಂದು ವಾಕ್ಯದ ಜಾಗ ಕೊಡಲಿಲ್ಲ. ಜಲ್ಲಿ ಎಂದರೆ ಬ್ರೇಕ್ ಬರುತ್ತದೆ, ಬ್ರೇಕ್ ಎಂದರೆ ಚಪ್ಪಾಳೆ ಹೋಗುತ್ತದೆ. ಭಾನುವಾರ ಇವನು ಮೊದಲ ತಿರುವಿನಲ್ಲೇ ಏನಾದರೊಂದು ನೆಪ ತೆಗೆದು ಪಕ್ಕಕ್ಕೆ ನಿಲ್ಲುತ್ತಾನೆ. ನೀಲಿ ಬಾಣ ಬಾಯಿಪಾಠ ಮಾಡಿದ ಇವಳ ಗಂಡ ನಿಲ್ಲುವುದಿಲ್ಲ.

ಆ ಸಂಜೆ ಅವಳು ಶೂಗಳನ್ನು ಮನೆಗೆ ತಂದು ಗಂಡನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ನಿನಗೆ ಎಲ್ಲರೂ ಸುಳ್ಳರೇ," ಎಂದ. "ಭಾನುವಾರ ಹೋಗೇ ಇಲ್ಲ ಅಂದೆ. ಈಗ ಹೋಗಿದ್ದಾರೆ, ಆದ್ರೆ ನಡ್ಕೊಂಡು ಬಂದಿದ್ದಾರೆ ಅಂತೀಯ. ನಾಳೆ ಇನ್ನೇನು ಹೇಳ್ತೀಯೋ."

"ಕ್ಲೀಟ್ ಹಾಕಿದ್ದು ನಾನು ರೀ. ನೋಡಿ ಒಂದ್ಸಲ."

"ಅಲ್ಲಿ ಏನೂ ಮಾತಾಡಬೇಡ. ಎಂಟು ತಿಂಗಳಾದ್ಮೇಲೆ ಒಬ್ಬರು ಕರೆದಿದ್ದಾರೆ ನನ್ನ."

ಅವಳು ಶೂಗಳನ್ನು ಚೀಲಕ್ಕೆ ಹಾಕಿದಳು. ಗಂಡ ಗಂಗಾಳದಷ್ಟು ದೊಡ್ಡ ಪೆದ್ದ ಎಂದು ಅವಳಿಗೆ ಮದುವೆಯ ಮರುವಾರವೇ ಗೊತ್ತಿತ್ತು. ಆದರೆ ಅವನ ಮೂಳೆ ಮುರಿಯುವುದಕ್ಕೆ ಅದು ಸಾಕಷ್ಟು ಕಾರಣ ಎಂದು ಅವಳಿಗೆ ಅನ್ನಿಸಲಿಲ್ಲ.

ಶನಿವಾರ ಸಂಜೆ ಹನ್ನೆರಡು ಜನವೂ ಗಾಳಿ ನೋಡಿಸಲು ಬಂದರು. ನಾಳೆಯ ಸವಾರಿ ಇಂದೇ ಮುಗಿದುಹೋಗಿದೆಯೋ ಎಂಬಂತೆ ಬೆಂಚಿನ ಮೇಲೆ ಮಾತು ನಡೆದಿತ್ತು. ಯಾವ ತಿರುವಿನಲ್ಲಿ ಫೋಟೊ, ಯಾವ ತಿರುವಿನಲ್ಲಿ ವಿಡಿಯೊ ಎಂದು ಅಧ್ಯಕ್ಷರು ಹಂಚಿಕೊಡುತ್ತಿದ್ದರು. ಮೇಸ್ತ್ರಮ್ಮ ಹೊಸ ಕ್ಲೀಟ್ ಹಾಕಿದ ಶೂಗಳನ್ನು ದಂತವೈದ್ಯನಿಗೆ ಕೊಟ್ಟಳು. ಹಳೆಯ ಕ್ಲೀಟುಗಳ ಜೋಡಿಯನ್ನು ಬೆಂಚಿನ ಮೇಲೆ ಇಟ್ಟಳು. ಅಡುಗೆಮನೆಯ ಗೋಡೆಯಿಂದ ಕಿತ್ತು ತಂದಿದ್ದ ಡ್ರಾಯಿಂಗ್ ಶೀಟನ್ನು ಅದರ ಪಕ್ಕದಲ್ಲಿ ಹರಡಿ, ನಾಲ್ಕು ಮೂಲೆಗೂ ಒಂದೊಂದು ಸ್ಪ್ಯಾನರ್ ಇಟ್ಟು, ಮೇಲೆ ಕೆಂಪು ಪೆನ್ಸಿಲ್ ಇಟ್ಟಳು. ಗಂಡ ಎದ್ದು ನಿಂತ.

"ಡಾಕ್ಟ್ರೇ, ಜಲ್ಲಿ ಎಲ್ಲೆಲ್ಲಿದೆ, ಇದರಲ್ಲಿ ಗುರುತು ಹಾಕಿಕೊಡಿ," ಎಂದಳು.

ಪ್ರಶ್ನೆ ಕೇಳುವಂತಿಲ್ಲ ಮೇಸ್ತ್ರಮ್ಮ ಎಂದು ಅಧ್ಯಕ್ಷರು ನಕ್ಕರು. ತಾನು ಕೇಳಿದ್ದು ಪ್ರಶ್ನೆಯಲ್ಲ, ಗುರುತು ಎಂದು ಅವಳು ಹೇಳಿದಳು. ದಂತವೈದ್ಯ ಯಾವ ಜಲ್ಲಿ ಎಂದು ಹುಬ್ಬೇರಿಸಿದ. ಅವಳು ಹಳೆಯ ಕ್ಲೀಟೊಂದನ್ನು ತಿರುಗಿಸಿ, ಬೋಲ್ಟಿನ ಗುಂಡಿಯಲ್ಲಿ ಬೇಕೆಂದೇ ಬಿಟ್ಟಿದ್ದ ಬೂದು ಚೂರುಗಳು ಮೇಲೆ ಬರುವಂತೆ ಇಟ್ಟಳು.

"ನಾಳೆ ಇವರು ನಿಮ್ಮ ಹಿಂದಿನ ಚಕ್ರ ನೋಡ್ಕೊಂಡು ಬರ್ತಾರೆ. ಬ್ರೇಕ್ ಹಿಡಿಯಲ್ಲ, ಏಳನೇ ತಿರುವಿನವರೆಗೆ ನೀವು ಮುಟ್ಟೇ ಇಲ್ಲ ಅಂದಿದೀರಿ. ಅದಕ್ಕೆ ಹೇಳ್ತಿದೀನಿ."

ದಂತವೈದ್ಯ ಚೂರುಗಳನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಆಮೇಲೆ ಪೆನ್ಸಿಲ್ ಎತ್ತಿಕೊಂಡ. ರೋಗಿಯ ಹುಳುಕು ಹಲ್ಲನ್ನು ಚಾರ್ಟಿನಲ್ಲಿ ಗುರುತು ಮಾಡುವಷ್ಟೇ ಅಚ್ಚುಕಟ್ಟಾಗಿ ನಾಲ್ಕರ ಮೇಲೊಂದು ಅಡ್ಡಗೆರೆ ಹಾಕಿದ. ಐದರ ಮೇಲೆ ಒಂದು, ಆರರ ಮೇಲೆ ಎರಡು. ಒಂಬತ್ತರ ಹತ್ತಿರ ಒಂದು ಚಿಕ್ಕ ವೃತ್ತ ಬರೆದು, ಇಲ್ಲಿ ಚರಂಡಿ ತೆರೆದಿದೆ ಎಂದು ಮೆಲ್ಲಗೆ ಹೇಳಿದ.

ವಿಮಾ ಏಜೆಂಟ್ ತಡೆಯಲಾರದೆ ಬಾಯಿಬಿಟ್ಟ. "ಅಷ್ಟು ಸ್ಪೀಡಲ್ಲಿ ಇದನ್ನೆಲ್ಲ ಹೆಂಗೆ ನೋಡಿದ್ರಿ ಡಾಕ್ಟ್ರೇ?"

ದಂತವೈದ್ಯನ ಮುಖ ಹುಳ್ಳಗಾಯಿತು. ಅವನು ನಿಜ ಹೇಳುತ್ತಿದ್ದನೋ ಏನೋ, ಬಾಯಿ ತೆರೆದಂತೂ ಇದ್ದ. ಅಷ್ಟರಲ್ಲಿ ಅಧ್ಯಕ್ಷರು ಅವನ ಬೆನ್ನು ತಟ್ಟಿ, ನೋಡಿ, ಡಾಕ್ಟರು ನಮಗೋಸ್ಕರ ರಸ್ತೆಯನ್ನು ಕಾಲ್ನಡಿಗೆಯಲ್ಲೇ ಪರೀಕ್ಷೆ ಮಾಡಿಕೊಂಡು ಬಂದಿದ್ದಾರೆ, ಹೇಳಿಕೊಳ್ಳುವ ಸ್ವಭಾವವಲ್ಲ ಅವರದು ಎಂದರು. ದಂತವೈದ್ಯ ಬಾಯಿ ಮುಚ್ಚಿದ. ಒಂದು ಗಳಿಗೆ ಬಿಟ್ಟು ವಿನಯದಿಂದ ತಲೆ ತಗ್ಗಿಸಿದ. ಯಾರೋ ಚಪ್ಪಾಳೆ ತಟ್ಟಿದರು. ಮೇಸ್ತ್ರಮ್ಮ ಆರು ವರ್ಷದಲ್ಲಿ ಆ ಬೆಂಚಿನ ಮೇಲೆ ಏನೇನೋ ಕಂಡಿದ್ದಳು. ಸುಳ್ಳೊಂದು ಹೀಗೆ ಕಣ್ಣೆದುರಿಗೇ ಹಳೆಯ ಅಂಗಿ ಕಳಚಿ ಹೊಸದನ್ನು ತೊಟ್ಟಿದ್ದನ್ನು ಕಂಡಿರಲಿಲ್ಲ.

ಚಪ್ಪಾಳೆ ತಟ್ಟದವನು ಮೇಷ್ಟ್ರು ಒಬ್ಬನೇ. ಅವನು ಬಗ್ಗಿ ತನ್ನ ಚಿತ್ರದ ಮೇಲಿನ ಕೆಂಪು ಗೆರೆಗಳನ್ನು ನೋಡುತ್ತಿದ್ದ. ನಾಲ್ಕು, ಐದು, ಆರು. ಆ ಮೂರೂ ತಿರುವುಗಳ ಮೇಲೆ ಅವನು ಚೆಂದದ ನೀಲಿ ಬಾಣ ಬರೆದಿದ್ದ.

"ಇದನ್ನ ನನಗೆ ಹೇಳ್ಲಿಲ್ವಲ್ಲ ಡಾಕ್ಟ್ರೇ," ಎಂದ.

ಕೋಪವೇನೂ ಇರಲಿಲ್ಲ ದನಿಯಲ್ಲಿ. ದಂತವೈದ್ಯ ಶೂಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಾಳೆ ಬೇಗ ಏಳಬೇಕು ಎನ್ನುತ್ತ ಹೊರಟ. ಗಾಳಿಯ ಮುನ್ಸೂಚನೆ ಚೆನ್ನಾಗಿಲ್ಲವಾದ್ದರಿಂದ ನೆತ್ತಿಯವರೆಗೆ ಹೋಗಿ ಹತ್ತಿದ ಕಡೆಯಿಂದಲೇ ಇಳಿಯುವುದು ಎಂದು ಅಧ್ಯಕ್ಷರು ಪ್ರಕಟಿಸಿದರು. ಹೋಗುವ ಮುನ್ನ ಮೇಸ್ತ್ರಮ್ಮನ ಹತ್ತಿರ ಬಂದು, ನಿಯಮ ಎಂದರೆ ನಿಯಮ, ಹೀಗಾದರೆ ಬೇರೆ ಅಂಗಡಿಯ ಮುಂದೆ ಕೂರಬೇಕಾಗುತ್ತದೆ ಎಂದು ತಣ್ಣಗೆ ಹೇಳಿದರು. ಬೆಂಚು ನನ್ನದು, ನೀವು ಕೂರುವ ಕಡೆ ನಿಮ್ಮದೇ ಬೆಂಚು ಒಯ್ಯಬೇಕಾಗುತ್ತದೆ ಎಂದು ಅವಳೂ ಅಷ್ಟೇ ತಣ್ಣಗೆ ಹೇಳಿದಳು.

ಗಂಡ ಅಂದು ರಾತ್ರಿ ಚಿತ್ರವನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟ. ಬೆಳಿಗ್ಗೆ ಐದಕ್ಕೆ ಎದ್ದು ಬನಿಯನ್ನು ತೊಟ್ಟು ಹೋದ.

ಅದರ ಮುಂದಿನ ಭಾನುವಾರ ಅವರು ಅದೇ ಬೆಂಚುಗಳ ಮೇಲೆ ಕೂತರು. ಬೆಟ್ಟದ ವರದಿಗಳು ಒಂದೂವರೆ ಗಂಟೆ ನಡೆದವು. ವಿಮಾ ಏಜೆಂಟ್ ಎಲ್ಲೂ ಕಾಲು ಊರದೆ ಹತ್ತಿದ್ದ. ಅಧ್ಯಕ್ಷರು ಒಬ್ಬರನ್ನು ಬೆನ್ನಿಗೆ ಕೈಕೊಟ್ಟು ಎರಡು ಕಿಲೋಮೀಟರ್ ತಳ್ಳಿದ್ದರು. ಯಾರನ್ನೆಂದು ಹೇಳಲಿಲ್ಲ, ನಿಯಮದಂತೆ ಯಾರೂ ಕೇಳಲಿಲ್ಲ. ದಂತವೈದ್ಯ ರಸ್ತೆ ಸುರಕ್ಷತೆಯ ಬಗ್ಗೆ ಮಾತಾಡಿದ. ಮುಂದಾಳಾದವನು ಮೊದಲೇ ಹೋಗಿ ತಿರುವು ತಿರುವನ್ನೂ ಕಾಲಿನಲ್ಲಿ ಅಳೆದು ಬರಬೇಕು ಎಂದ. ಇಪ್ಪತ್ತು ನಿಮಿಷ.

ಕೊನೆಗೆ ಮೇಷ್ಟ್ರ ಸರದಿ.

"ಹತ್ತುವಾಗ ಐದು ಸಲ ನಿಂತೆ," ಎಂದ. "ಎರಡು ಸಲ ನಡೆದೆ. ಇಳಿಯುವಾಗ ಉದ್ದಕ್ಕೂ ಎರಡೂ ಬ್ರೇಕ್ ಹಿಡ್ಕೊಂಡೇ ಇದ್ದೆ. ಕೈ ಮರಗಟ್ಟಿ ಹೋಯ್ತು. ಎಲ್ಲರೂ ಮುಂದೆ ಹೋದ್ರು. ನಾನು ಬಂದಾಗ ಹನ್ನೊಂದೂ ಕಾಲು. ಅಷ್ಟೇ."

ಒಂದು ನಿಮಿಷವೂ ಆಗಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡು, ಇನ್ನೂ ಅಭ್ಯಾಸ ಬೇಕು ಮೇಷ್ಟ್ರೇ ಎಂದರು.

ಮೇಸ್ತ್ರಮ್ಮ ಎದ್ದು ಗಂಡನ ಸೈಕಲ್ಲಿನ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಬ್ರೇಕ್ ರಬ್ಬರುಗಳು ಅರ್ಧಕ್ಕರ್ಧ ಸವೆದಿದ್ದವು. ರಿಮ್ಮಿನ ಮೇಲೆ ಕಪ್ಪು ಮಸಿ ಮೆತ್ತಿತ್ತು. ಬೆರಳಿನಿಂದ ಒರೆಸಿದಳು, ಬಂತು.

"ರಬ್ಬರ್ ಬದಲಾಯಿಸ್ಬೇಕು ರೀ," ಎಂದಳು, ಬೆಂಚಿಗೆಲ್ಲ ಕೇಳುವ ಹಾಗೆ.